ಕಿಲ್ಲೆ ಮೇಲೆ ಶೆಟ್ಟಮ್ಮ

ಶರದೃತು ಅಂದರೆ ಬೆಳದಿಂಗಳು, ತಾವರೆ, ಹಂಸ ಅಂತೆಲ್ಲ ಕವಿಗಳು ಬರೆದಿಟ್ಟಿದ್ದಾರೆ. ಪುಣೆಯವರು ಅದಕ್ಕೆ ‘ಅಕ್ಟೋಬರ್ ಹೀಟ್’ ಅಂತ ಹೆಸರಿಟ್ಟು ಮುಗಿಸಿದ್ದಾರೆ. ಮಳೆ ಹೋಯಿತೋ ಇಲ್ಲವೋ, ಸೆಖೆ ಹಾಜರು. ಅಂಥದೊಂದು ಬೆವರಿನ ಮಧ್ಯಾಹ್ನವೇ ನಮ್ಮ ಕೋಥರೂಡ್ ಮನೆಯ ಅಟ್ಟದಿಂದ ದಸರೆಯ ಗೊಂಬೆ ಪೆಟ್ಟಿಗೆ ಕೆಳಗಿಳಿಯುವುದು. ತೆರೆದರೆ ನುಸಿಗುಳಿಗೆ ವಾಸನೆ, ಅಮ್ಮನ ಹಳೆ ಸೀರೆಯ ತುಂಡುಗಳು, ಅದರೊಳಗೆ ಒಬ್ಬೊಬ್ಬರೇ ದೇವರು.

ಮೈಸೂರಿನ ತವರಲ್ಲಿ ಒಂಬತ್ತು ಹಂತ ಕಟ್ಟುತ್ತಿದ್ದರು. ಹಂತಗಳು ಬೆಸವಾಗಿರಬೇಕು ಅನ್ನೋದೊಂದೇ ನಿಯಮ ಆದ್ದರಿಂದ ನಾನು ಮೂರಕ್ಕೆ ಇಳಿದಿದ್ದೇನೆ. ಒಂದಕ್ಕಿಳಿದರೂ ಶಾಸ್ತ್ರಕ್ಕೆ ಮೋಸವಿಲ್ಲ. ಸೂಟ್‌ಕೇಸು, ಮಿಕ್ಸಿ ಬಂದ ರಟ್ಟಿನ ಡಬ್ಬ, ಹಳೆಯ ಪುಸ್ತಕಗಳ ಕಟ್ಟು. ಮೇಲೊಂದು ಬಿಳಿ ಪಂಚೆ ಹೊದಿಸಿದರೆ ಯಾರಿಗೆ ಗೊತ್ತಾಗಬೇಕು? ಮೇಲಿನ ಹಂತದಲ್ಲಿ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆ, ರಾಜ ರಾಣಿ. ನಡುವೆ ದಶಾವತಾರ, ಕೂರ್ಮನಿಗೆ ಮೂರೇ ಕಾಲು. ಕೆಳಗೆ ನಮ್ಮಜ್ಜಿ ಕಾಲದ ಶೆಟ್ಟರು, ಶೆಟ್ಟಮ್ಮ, ಅವರ ಅಂಗಡಿ. ಪುಟ್ಟ ತಟ್ಟೆಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಶೆಟ್ಟರ ಬೆಲ್ಲ ಬೆಳಗ್ಗೆ ಇಟ್ಟರೆ ಮಧ್ಯಾಹ್ನಕ್ಕೆ ಖರ್ಚು. ಗಿರಾಕಿಗೆ ನಾಲ್ಕು ವರ್ಷ, ಬಾಯೊರಸಿಕೊಳ್ಳುವಷ್ಟು ಜಾಣತನ ಇನ್ನೂ ಬಂದಿಲ್ಲ.

ಈ ಗಿರಾಕಿ ಮೆಟ್ರೊ ಕೆಲಸ ನೋಡುತ್ತಲೇ ಬೆಳೆದವನು. ಹಾಗಾಗಿ ರಾಜನ ಪಕ್ಕದಲ್ಲಿ ಅವನ ಹಳದಿ ಜೆಸಿಬಿಯೂ ನಿಂತಿತು. ವಿಡಿಯೊ ಕಾಲಿನಲ್ಲಿ ಅಮ್ಮ ಒಂದು ಗಳಿಗೆ ಸುಮ್ಮನಿದ್ದು, “ಇರ್ಲಿ ಬಿಡೇ, ಪಾರ್ಕ್ ಮಾಡಕ್ಕಾದ್ರೂ ಬೇಕಲ್ಲ” ಅಂದಳು. ಗೊಂಬೆಗಳ ಮುಂದೆ ತಟ್ಟೆಯಲ್ಲಿ ಮಣ್ಣು ಹರಡಿ, ರಾಗಿ ಚೆಲ್ಲಿ, ಮೊಳಕೆ ಬಂದ ಮೇಲೆ ಅದನ್ನೇ ಪಾರ್ಕ್ ಅಂತ ನಾವು ಕರೆಯುವುದು.

ಸಂಜೆ ಕಥೆಯೇ ಬೇರೆ. ನಾನು ಚಿಕ್ಕವಳಿದ್ದಾಗ ಕಂಡವರ ಬಾಗಿಲಲ್ಲೆಲ್ಲ ನಿಂತು “ಗೊಂಬೆ ಕೂರ್ಸಿದೀರಾ?” ಅಂತ ಕೂಗಿ, ಗೊಂಬೆ ಬಾಗಿನ ಇಸಿದುಕೊಂಡು ಓಡುತ್ತಿದ್ದೆವು. ಇಲ್ಲಿ ಅದೇ ದಿನಗಳಲ್ಲಿ ಹುಡುಗಿಯರ ಭೋಂಡ್ಲಾ. ನಡುವೆ ಆನೆಯ ಚಿತ್ರ, ಸುತ್ತ ಕೈಕೈ ಹಿಡಿದು ಹಾಡು. ಹಾಡು ಮುಗಿದ ಮೇಲೆ ತಿಂಡಿ, ಅದಕ್ಕೆ ಖಿರಾಪತ್ ಅನ್ನುತ್ತಾರೆ. ಆದರೆ ಸುಮ್ಮನೆ ಕೊಡುವುದಿಲ್ಲ. ಮುಚ್ಚಿದ ಡಬ್ಬಿ ಅಲ್ಲಾಡಿಸಿ, ಒಳಗೇನಿದೆ ಅಂತ ಮಕ್ಕಳು ಊಹಿಸಬೇಕು. ಏಳು ವರ್ಷದ ನನ್ನ ಮಗಳು ಈ ಕಾನೂನನ್ನು ನಮ್ಮ ಬಾಗಿನಕ್ಕೂ ಜಾರಿ ಮಾಡಿದ್ದಾಳೆ. ಡಬ್ಬಿ ಗಡಗಡ ಅಂದಿತು. ಚಿವ್ಡಾ? ಅಲ್ಲ. ಚಕಲಿ? ಅಲ್ಲ. ಎದುರು ಮನೆ ಹುಡುಗಿ “ಕಡಬೋಳಿ” ಅಂದಳು. ಮಗಳು “ತಪ್ಪು, ಕೋಡುಬಳೆ” ಅಂದಳು. ಡಬ್ಬಿ ತೆರೆದ ಮೇಲೂ ಇಬ್ಬರೂ ಸೋಲಲೊಲ್ಲರು. ಕೊನೆಗೆ ಧಾರವಾಡದ ನಮ್ಮ ಅತ್ತೆಯ ಮುಂದೆ ಫಿರ್ಯಾದು ಹೋಯಿತು. “ಎರಡೂ ಒಂದ ಅವ, ತಿಂದ ಮ್ಯಾಲ ಜಗಳಾಡ್ರಿ” ಅಂತ ತೀರ್ಪು ಬಂತು.

ದಸರೆಯ ದಿನ ಅವರಿಗೂ ಒಂದು ಫಿರ್ಯಾದಿತ್ತು. ಮಂಡಯಿ ಮಾರುಕಟ್ಟೆಯಿಂದ ತಂದ ‘ಸೋನಾ’ ಬನ್ನಿಯಲ್ಲ, ಆಪ್ಟೆ ಎಲೆ. ಎರಡು ಎಲೆ ಅಂಟಿಸಿ ಒಂದು ಮಾಡಿದ ಹಾಗಿರುತ್ತದೆ. ತಿರುಗಿಸಿ ಮುರುಗಿಸಿ ನೋಡಿ, “ಬಂಗಾರದ್ಹಾಂಗ ಇರೋಣು” ಅಂತ ಮೊಮ್ಮಕ್ಕಳ ಕೈಗಿಟ್ಟರು.

ಆ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದೆ. ಮರುದಿನ ಪೆಟ್ಟಿಗೆ ಅಟ್ಟ ಹತ್ತಬೇಕಿತ್ತು. ಹತ್ತಲಿಲ್ಲ, ಬಾಗಿಲ ಹಿಂದೆ ನಿಂತಿತು. ಏಣಿ ತರುವುದು ನನ್ನ ಕೆಲಸವೋ ಗಂಡನದೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಮುಂದಿನದ್ದಕ್ಕೆಲ್ಲ ಅದೇ ಮೂಲ.

ದೀಪಾವಳಿ ರಜೆ ಬಂದರೆ ಇಲ್ಲಿ ಮಕ್ಕಳು ಕಿಲ್ಲಾ ಕಟ್ಟುತ್ತಾರೆ. ಒಡೆದ ಇಟ್ಟಿಗೆ ಪೇರಿಸಿ, ಗೋಣಿಚೀಲವನ್ನು ಕೆಸರಲ್ಲಿ ಅದ್ದಿ ಹೊದಿಸಿ, ಬುರುಜು, ಬಾಗಿಲು, ಮೆಟ್ಟಿಲು. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಇಳಿಜಾರಿನ ತುಂಬ ಭರ್ಚಿ ಹಿಡಿದ ಅವರ ಮಾವಳೆ ಸೈನಿಕರು. ಈ ಗೊಂಬೆಗಳಿಗಾಗಿ ಕಸಬಾ ಪೇಠೆಯ ಕುಂಭಾರವಾಡೆಗೇ ಹೋಗಬೇಕೆಂದು ಹಟ. ರಾಜಗಡವೋ ಪ್ರತಾಪಗಡವೋ ಎಂಬ ಚರ್ಚೆಯಲ್ಲೇ ಅರ್ಧ ದಿನ ಹೋಗುತ್ತದೆ. 2025ರಲ್ಲಿ ಯುನೆಸ್ಕೊ ಪಟ್ಟಿಗೆ ಮರಾಠರ 12 ಕೋಟೆಗಳು ಸೇರಿದವಲ್ಲ, 13ನೆಯದು ನಮ್ಮ ಕಟ್ಟಡದ ಪಾರ್ಕಿಂಗ್ ಮೂಲೆಯಲ್ಲಿದೆ.

ಅತ್ತೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಉಸ್ತುವಾರಿಗೆ ಕೂತಿದ್ದರು. “ಒಂದ ಸುತ್ತಿಂದೇನ ಕ್ವಾಟಿ? ನಮ್ಮ ಚಿತ್ರದುರ್ಗಕ್ಕ ಏಳು ಸುತ್ತು!” ಅಂದರು. ಅಲ್ಲಿಂದ ಓಬವ್ವನ ಕಥೆ ಶುರು. ಕಾವಲಿನ ಗಂಡ ಉಣ್ಣಲು ಬಂದಿದ್ದು, ಇವಳು ನೀರಿಗೆ ಹೋಗಿದ್ದು, ಬಂಡೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕ ತಲೆ ತೂರಿಸಿದ್ದು. ಅರ್ಧ ಕನ್ನಡ, ಅರ್ಧ ಧಾರವಾಡದ ಮರಾಠಿ. ಅತ್ತೆ ಕೈಯೆತ್ತಿ ನಿಲ್ಲಿಸಿದಲ್ಲೆಲ್ಲ ಮಕ್ಕಳು “ಮಗ್? ಮಗ್?”, ಅಂದರೆ ಆಮೇಲೆ, ಆಮೇಲೆ ಅನ್ನುತ್ತಿದ್ದವು.

ಮರುದಿನ ಬೆಳಗ್ಗೆ ಹಾಲು ತರಲು ಇಳಿದವಳು ಅಲ್ಲೇ ನಿಂತೆ. ಕೋಟೆಯ ಗೋಡೆಗೆ ಒಂದು ಕಿಂಡಿ ಬಿದ್ದಿತ್ತು. ಕಿಂಡಿಯ ಪಕ್ಕ, ಹಸಿ ಮಣ್ಣಿನಲ್ಲಿ ಸೊಂಟದವರೆಗೆ ಹುಗಿದುಕೊಂಡು, ನಮ್ಮಜ್ಜಿ ಕಾಲದ ಶೆಟ್ಟಮ್ಮ! ತೊಡೆಯ ಮೇಲೆ ಚನ್ನಪಟ್ಟಣದ ಅಡುಗೆ ಆಟಿಕೆಯ ಕೆಂಪು ಒನಕೆ. ಶೆಟ್ಟಮ್ಮ ಕೂತ ಗೊಂಬೆ, ಹಾಗಾಗಿ ನಮ್ಮ ಓಬವ್ವ ಕೂತೇ ಕಾದಬೇಕು. ಮಾವಳೆಯರನ್ನು ಹೈದರನ ಕಡೆ ಮಾಡಲು ಯಾರೂ ಒಪ್ಪದ್ದರಿಂದ ಕಿಂಡಿಯೊಳಗೆ ನುಸುಳುತ್ತಿದ್ದದ್ದು ಸಣ್ಣವನ ಹಸಿರು ಡೈನೋಸಾರ್. ಸ್ವಲ್ಪ ದೂರದಲ್ಲಿ ಶೆಟ್ಟರು ತಟ್ಟೆಗಳ ಸಮೇತ ಕೂತಿದ್ದರು. ಎತ್ತಲು ಹೋದರೆ ಮಗಳು ಕೈ ಹಿಡಿದಳು.

“ಅಮ್ಮಾ, ಮುಟ್ಬೇಡ. ಅವ್ರು ಊಟ ಮಾಡ್ತಿದಾರೆ.”

ಶಿವಾಜಿಗೂ ಓಬವ್ವನಿಗೂ ನಡುವೆ ಸುಮಾರು ನೂರು ವರ್ಷ ಇದೆ ಎಂದು ಹೇಳಬಹುದಿತ್ತು. ಬೈಯಬಹುದಿತ್ತು ಕೂಡ, ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಇಳಿಜಾರಿನ ಮೇಲೆ ಮಕ್ಕಳು ಎರಚಿದ್ದ ಸಾಸಿವೆ ಕಣ್ಣಿಗೆ ಬಿತ್ತು. ಹೊಟ್ಟು ಬಿರಿದು ಬಿಳಿ ಬಾಲ ತೋರಿಸುತ್ತಿತ್ತು. ಥೇಟ್ ನಮ್ಮ ತಟ್ಟೆಯ ರಾಗಿಯ ಹಾಗೆ. ಹಾಲು ತಗೊಂಡು ಮೇಲೆ ಬಂದೆ.

ದೀಪಾವಳಿಯ ಕೊನೆಯ ಭಾವುಬೀಜ್ ಹಬ್ಬವೂ ಮುಗಿದು ಕಿಲ್ಲಾ ಕರಗಿದ ಮೇಲೆ ದಂಪತಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದೆ. ಶೆಟ್ಟಮ್ಮನ ಸೀರೆಯಂಚಿನ ಹಳದಿ ಹೋಗಿದೆ. ಶೆಟ್ಟರು ಹಾಗೇ ಇದ್ದಾರೆ, ಅವರು ಊಟದಿಂದ ಎದ್ದವರೇ ಅಲ್ಲವಲ್ಲ. ಸೀರೆ ತುಂಡಿನಲ್ಲಿ ಸುತ್ತುವಾಗ ಮಗಳು ಒನಕೆಯನ್ನೂ ಜೊತೆಗೆ ಸೇರಿಸಿದಳು, ಮುಂದಿನ ದಸರೆಗೆ ಅಂಗಡಿ ಕಾಯಲು ಬೇಕಂತೆ. ಡೈನೋಸಾರಿಗೆ ಪೆಟ್ಟಿಗೆಯಲ್ಲಿ ಜಾಗವಿಲ್ಲ ಅಂತ ನಾನು, ಇದೆ ಅಂತ ಸಣ್ಣವನು. ಅದು ಇತ್ಯರ್ಥವಾಗುವ ತನಕ ಪೆಟ್ಟಿಗೆ ಬಾಗಿಲ ಹಿಂದೆಯೇ ಇದೆ. ಏಣಿಯನ್ನೂ ಯಾರೂ ತಂದಿಲ್ಲ.