ಬಾವಿಗೆ ಬಿದ್ದ ಪಾತಾಳಗರಡಿ

ಬಾವಿಗೆ ಬಿದ್ದ ಕೊಡವನ್ನು ಎತ್ತುವುದಕ್ಕೆಂದೇ ಕಮ್ಮಾರನು ಬಡಿದು ಕೊಟ್ಟ ಪಾತಾಳಗರಡಿಯೇ ಬಾವಿಗೆ ಬಿದ್ದರೆ ಅದನ್ನು ಎತ್ತುವವರು ಯಾರು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಸುಮಾರು ಐವತ್ತು ವರ್ಷ ಹಾಗೆಯೇ ಉಳಿದಿತ್ತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಂದೊಂದಾಗಿ ಕೈಕೊಟ್ಟು, ಟ್ಯಾಂಕರಿನವರು ಹೇಳಿದ್ದೇ ಬೆಲೆಯಾದಾಗ, ಬಸವನಗುಡಿಯ ನಮ್ಮ ಹಿತ್ತಲಿನಲ್ಲಿ ಚಪ್ಪಡಿ ಮುಚ್ಚಿ ಮರೆತಿದ್ದ ಬಾವಿ ಎಲ್ಲರಿಗೂ ನೆನಪಾಯಿತು. ಹೂಳೆತ್ತಲು ಇಳಿದವರು ಬಾಂಡಲಿಗಟ್ಟಲೆ ಕಪ್ಪು ಕೆಸರನ್ನು ಮೇಲಕ್ಕೆ ಕಳಿಸಿದರು. ಅದರೊಡನೆ ಪ್ಲಾಸ್ಟಿಕ್ ಮಗ್ಗು, ಎರಡು ಕ್ರಿಕೆಟ್ ಚೆಂಡು ಮತ್ತು ಹಿಡಿಯಿಲ್ಲದ ಸೌಟು ಬಂದವು; ಮೂರನೆಯ ದಿನ ಮುಳ್ಳುಹಂದಿ ಮುದುರಿ ಕುಳಿತಂತಹ ಒಂದು ಮುದ್ದೆ ಬಂತು.

ನೀರು ಹೊಯ್ದು ನೋಡಿದಾಗ ಬಳೆ, ಬಳೆಗೆ ತೂಗುಬಿದ್ದ ಸರಪಳಿ, ಸುತ್ತಲೂ ಕೊಕ್ಕೆಗಳು ಕಾಣಿಸಿದವು. ಕೊಡ ಬಿತ್ತೆಂದು ಓಡಿಬಂದ ಅಕ್ಕಪಕ್ಕದವರಿಗೆ ಅಜ್ಜಿ ಇದನ್ನು ಚೊಂಬನ್ನೋ ತಟ್ಟೆಯನ್ನೋ ಒತ್ತೆ ಇಡಿಸಿಕೊಳ್ಳದೆ ಕೊಡುತ್ತಿರಲಿಲ್ಲವಂತೆ. ಇಷ್ಟು ಜೋಪಾನ ಮಾಡಿದ ವಸ್ತುವನ್ನು ಕಳೆದವರು ಮಾತ್ರ ಹೊರಗಿನವರಲ್ಲ, ನಮ್ಮ ಚಿಕ್ಕಪ್ಪ. ಗಂಟು ಸರಿಯಾಗಿಯೇ ಇತ್ತು, ಹಗ್ಗ ಲಡ್ಡಾಗಿತ್ತು ಎಂದು ಎಂಬತ್ತರ ವಯಸ್ಸಿನಲ್ಲೂ ಅವರು ವಾದಿಸುತ್ತಾರೆ. ಬಳೆಯಲ್ಲಿ ಹಗ್ಗದ ಒಂದು ಎಳೆಯೂ ಉಳಿದಿರಲಿಲ್ಲವಾದ್ದರಿಂದ ಸಾಕ್ಷ್ಯ ಅವರ ಪರವಾಗಿಯೂ ಇರಲಿಲ್ಲ, ವಿರುದ್ಧವಾಗಿಯೂ ಇರಲಿಲ್ಲ.

ಒದ್ದೆಯಾದ ಯಾವುದನ್ನಾದರೂ ಬಿಸಿಲಿಗೆ ಹಾಕುವುದು ನಮ್ಮ ಮನೆಯ ಸಂಪ್ರದಾಯವಾದ್ದರಿಂದ ನಾನು ಅದನ್ನೂ ತಾರಸಿಯಲ್ಲಿ ಒಣಗಲಿಟ್ಟೆ. ಎರಡು ದಿನಗಳಲ್ಲಿ ಅದರ ಮೈಯಿಂದ ತುಕ್ಕು ಹಕ್ಕಳೆಹಕ್ಕಳೆಯಾಗಿ ಏಳತೊಡಗಿತು. ಹಳೆಯ ವಸ್ತುಗಳ ಸಂರಕ್ಷಣೆಯನ್ನು ಬಲ್ಲ ಗೆಳೆಯರೊಬ್ಬರಿಗೆ ಫೋನು ಮಾಡಿದರೆ, "ಐವತ್ತು ವರ್ಷ ಕೆಸರು ಕಾಪಾಡಿದ್ದನ್ನು ನೀವು ಎರಡು ದಿನದಲ್ಲಿ ಮುಗಿಸುತ್ತಿದ್ದೀರಲ್ಲ ಸ್ವಾಮಿ, ಮೊದಲು ನೀರಿಗೆ ಹಾಕಿ" ಎಂದು ಗದರಿದರು. ಅವರು ವಿವರಿಸಿದ ಮೇಲೆ ನನ್ನ ತಪ್ಪು ತಿಳಿಯಿತು. ಬಾವಿಯ ತಳದ ಹೂಳಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಕಬ್ಬಿಣ ಅಲ್ಲಿ ಸವೆದರೂ ನಿಧಾನವಾಗಿ ಸವೆಯುತ್ತದೆ. ಮೇಲಕ್ಕೆ ಬಂದೊಡನೆ ಗಾಳಿ ತಗಲುತ್ತದೆ, ಒಳಗೆ ಇಂಗಿದ ಲವಣಗಳು ನೀರು ಆರಿದಂತೆಲ್ಲ ಗಟ್ಟಿಯಾಗುತ್ತವೆ, ಹೊಸ ತುಕ್ಕು ಹುಟ್ಟುತ್ತದೆ. ಆ ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕಾಗುವುದರಿಂದ ಅದು ಹಳೆಯ ಪದರವನ್ನು ಒಳಗಿನಿಂದಲೇ ಸೀಳಿ ಹೊರದೂಡುತ್ತದೆ. ಸಮುದ್ರದಿಂದ ಎತ್ತಿದ ಕಬ್ಬಿಣಕ್ಕಂತೂ ಉಪ್ಪಿನ ಕಾಟ ಇನ್ನೂ ಹೆಚ್ಚು. ಅಮೆರಿಕದ ಮಾನಿಟರ್ ಎಂಬ ಯುದ್ಧನೌಕೆಯ ಫಿರಂಗಿಗೋಪುರವನ್ನು 2002ರಲ್ಲಿ ಸಮುದ್ರದಿಂದ ಎತ್ತಿದವರು, ಅದನ್ನು ಒಣಗಲು ಬಿಡದೆ ವರ್ಷಗಟ್ಟಲೆ ಕ್ಷಾರದ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟರು.

ಅಷ್ಟು ದೂರ ಹೋಗುವುದೂ ಬೇಡ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಒಂದು ಹಾಳುಬಾವಿಯ ಕೆಸರಿನಿಂದ ಟಿಪ್ಪುವಿನ ಕಾಲದವೆನ್ನಲಾದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಅಂತಹ ಒಂದು ಕೊಳವೆಯನ್ನಾದರೂ ನಾನು ನನ್ನ ತಾರಸಿಯ ವಿಧಾನದಲ್ಲಿ ಒಣಗಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಅಂಜಿಕೆಯಾಗುತ್ತದೆ.

ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬೆಳ್ಳಗಾಗುತ್ತದೆ ಎಂಬ ಮನೆಯವಳ ಸಲಹೆಯನ್ನು ಗೆಳೆಯರು ಒಪ್ಪಲಿಲ್ಲ. ಹುಳಿ ತುಕ್ಕನ್ನು ತಿಂದು ನಿಲ್ಲುವುದಿಲ್ಲ, ಕಬ್ಬಿಣಕ್ಕೂ ಬಾಯಿ ಹಾಕುತ್ತದೆ. ಅವರು ಹೇಳಿದಂತೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರಿಗೊಂದು ಚಮಚ ವಾಷಿಂಗ್ ಸೋಡಾ ಕರಗಿಸಿ, ಗರಡಿಯನ್ನು ಅದರಲ್ಲಿ ಮುಳುಗಿಸಿ, ಕಾರಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಅದಕ್ಕೂ ಧನ ತಂತಿಯನ್ನು ಪಕ್ಕದಲ್ಲಿ ನಿಲ್ಲಿಸಿದ ಕಬ್ಬಿಣದ ಸರಳಿಗೂ ಜೋಡಿಸಿದೆ. ಸ್ಟೀಲಿನ ಚಮಚವನ್ನು ಸರಳಿನ ಬದಲು ಇಡಬಾರದು, ಅದರಲ್ಲಿರುವ ಕ್ರೋಮಿಯಂ ನೀರನ್ನು ವಿಷ ಮಾಡುತ್ತದೆ ಎಂದು ಅವರು ಮೂರು ಸಲ ಎಚ್ಚರಿಸಿದ್ದರು. ಹೊರಡುವ ಗುಳ್ಳೆಗಳಲ್ಲಿ ಜಲಜನಕ ಇರುವುದರಿಂದ ಬಕೆಟ್ಟು ಬಚ್ಚಲಿನಿಂದ ಹಿತ್ತಲಿಗೆ ವರ್ಗವಾಯಿತು. ಗುಳ್ಳೆಗಳು ಕೊಕ್ಕೆಯ ಮೈಯಿಂದ ಎದ್ದು ತುಕ್ಕನ್ನು ಸಡಿಲಿಸುವುದನ್ನು ನೋಡುತ್ತಾ ಕುಳಿತರೆ ಒಂದು ಭಾನುವಾರ ಹೋದದ್ದೇ ತಿಳಿಯುವುದಿಲ್ಲ. ಎರಡು ಕೊಕ್ಕೆಗಳಲ್ಲಿ ಮಾತ್ರ ಬಿಡಿಸಿದ ತುಕ್ಕಿನ ಕೆಳಗೆ ಹೆಚ್ಚೇನೂ ಉಳಿದಿರಲಿಲ್ಲ. ಹೋದ ಕಬ್ಬಿಣ ಹೋದದ್ದೇ. ಹೊಸ ಕೊಕ್ಕೆ ಬೆಸೆಯಿಸುವ ಮನಸ್ಸು ನನಗಾಗಲಿಲ್ಲ.

ಆಮೇಲಿನ ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು. ಉಳಿದ ತುಕ್ಕನ್ನು ಪಳಗಿಸಲು ಸಂರಕ್ಷಕರು ಟ್ಯಾನಿಕ್ ಆಮ್ಲವನ್ನು ಸವರುತ್ತಾರೆ. ಅದೇ ಜಾತಿಯ ಒಗರು ಅಳಲೆಕಾಯಿಯಲ್ಲಿದೆ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣವನ್ನು ಸೇರಿಸಿ ಮಸಿ ಮಾಡಿಕೊಳ್ಳುತ್ತಿದ್ದರು. ಗ್ರಂಥಿಗೆ ಅಂಗಡಿಯಿಂದ ತಂದ ಅಳಲೆಕಾಯಿಯನ್ನು ಕುದಿಸಿ, ಸೋಸಿ, ಕುಂಚದಿಂದ ಹಚ್ಚಿದೊಡನೆ ಕೆಂಪು ಕೊಕ್ಕೆಗಳು ನನ್ನ ಕಣ್ಣೆದುರಿಗೇ ನೀಲಿಗಪ್ಪಾದವು. ಕಬ್ಬಿಣದ ಮೈಮೇಲೆಯೇ ಮಸಿ ಹುಟ್ಟಿತು. ಅದು ಪೂರ್ತಿ ಆರಿದ ಮೇಲೆ ಬೆಚ್ಚಗೆ ಮಾಡಿ ಜೇನುಮೇಣ ಸವರಿ, ಗಾಳಿಗೂ ತೇವಕ್ಕೂ ಬಾಗಿಲು ಮುಚ್ಚಿ, ನಡುಮನೆಯ ಗೋಡೆಗೆ ತೂಗುಹಾಕಿದೆ. ಬಂದವರಿಗೆಲ್ಲ ತೋರಿಸಿದೆ. ಮುಟ್ಟಲು ಮಾತ್ರ ಯಾರನ್ನೂ ಬಿಡಲಿಲ್ಲ.

ಕಳೆದ ತಿಂಗಳು ಎದುರುಮನೆಯ ಹುಡುಗ ಬಂದು, "ಅಂಕಲ್, ನೀರಿನ ಸಂಪಿನೊಳಗೆ ಬೀಗದ ಕೈ ಗೊಂಚಲು ಬಿದ್ದುಹೋಯಿತು, ನಿಮ್ಮ ಮನೇಲಿ ಅದೇನೋ ಕೊಕ್ಕೆ ಇದೆಯಂತಲ್ಲ" ಎಂದ. ಇದೀಗ ನೀರಿನಿಂದ ಎದ್ದು ಬಂದ ವಸ್ತು, ಮತ್ತೆ ನೀರಿಗೆ ಇಳಿಸಬಾರದು ಎಂದು ನಾನು ಅವನಿಗೆ ತುಕ್ಕಿನ ಪಾಠವನ್ನು ಆರಂಭಿಸುವಷ್ಟರಲ್ಲಿ ಮನೆಯವಳು ಅದನ್ನು ಗೋಡೆಯಿಂದ ಇಳಿಸಿ, ಅವನ ಹೆಲ್ಮೆಟ್ಟನ್ನು ಒತ್ತೆ ಇಡಿಸಿಕೊಂಡಾಗಿತ್ತು. ಹಗ್ಗ ಕಟ್ಟುವ ಕೆಲಸವನ್ನು ಚಿಕ್ಕಪ್ಪ ಬೇರೆ ಯಾರಿಗೂ ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ಬೀಗದ ಕೈ ಸಿಕ್ಕಿತು, ಹೆಲ್ಮೆಟ್ ಹಿಂದಿರುಗಿತು. ಒರೆಸಿ, ಒಣಗಿಸಿ, ಮತ್ತೊಮ್ಮೆ ಮೇಣ ಹಚ್ಚೋಣವೆಂದು ನಾನು ಹೇರ್ ಡ್ರೈಯರ್ ಹಿಡಿದು ಕುಳಿತರೆ, ಚಿಕ್ಕಪ್ಪನ ಗಂಟು ಏನು ಮಾಡಿದರೂ ಬಿಚ್ಚದು; ಕೊನೆಗೆ ಹಗ್ಗವನ್ನೇ ಕತ್ತರಿಸಬೇಕಾಯಿತು.