ಹದಿನೇಳು ರನ್ನಿಗೊಂದು ಪದಕ

ರಾಷ್ಟ್ರದ ಗೌರವ ಯಾರಿಗೆ ಸಲ್ಲಬೇಕು, ಆಟಗಾರರಿಗೋ ಸರ್ಕಾರಿ ಸೇವಕರಿಗೋ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಒಂದು ಪ್ರಸಂಗ ನೆನಪಾಗುತ್ತದೆ. 2005ರ ಇಂಗ್ಲೆಂಡ್-ಆಸ್ಟ್ರೇಲಿಯಾ ಕ್ರಿಕೆಟಿನ ಆ್ಯಷಸ್ ಸರಣಿಯ ಕೊನೆಯ ಟೆಸ್ಟಿಗೆ ಸೈಮನ್ ಜೋನ್ಸ್ ಗಾಯಗೊಂಡು ಹೊರಗುಳಿದರು, ಪಾಲ್ ಕಾಲಿಂಗ್‌ವುಡ್ ಒಳಗೆ ಬಂದರು. ಓವಲ್ ಮೈದಾನದಲ್ಲಿ ಅವರು ಹೊಡೆದದ್ದು ಮೊದಲ ಇನಿಂಗ್ಸ್‌ನಲ್ಲಿ 7, ಎರಡನೆಯದರಲ್ಲಿ 10. ಪಂದ್ಯ ಡ್ರಾ ಆಯಿತು, ಸರಣಿ ಇಂಗ್ಲೆಂಡಿನದಾಯಿತು. ಮರುವರ್ಷದ ಬ್ರಿಟಿಷ್ ಗೌರವ ಪಟ್ಟಿಯಲ್ಲಿ ಇಡೀ ತಂಡಕ್ಕೆ ಪದಕ ಬಂತು. ಕಾಲಿಂಗ್‌ವುಡ್ ಅವರಿಗೂ ಎಂಬಿಇ ಎಂಬ ಗೌರವ. ಆಸ್ಟ್ರೇಲಿಯಾದ ಬೌಲರ್ ಶೇನ್ ವಾರ್ನ್ ಮುಂದೆ ಮೈದಾನದಲ್ಲೇ ಈ ಮಾತನ್ನೆತ್ತಿ ಅವರನ್ನು ಚೆನ್ನಾಗಿ ಕೆಣಕಿದರು. ಇದರಲ್ಲಿ ಕಾಲಿಂಗ್‌ವುಡ್ ಅವರ ತಪ್ಪೇನೂ ಇಲ್ಲ. ಅವರು ಮುಂದೆ ದೊಡ್ಡ ಆಟಗಾರರಾದರು, ಆಸ್ಟ್ರೇಲಿಯಾದಲ್ಲಿ ದ್ವಿಶತಕ ಹೊಡೆದರು. ತಪ್ಪು ಕೊಟ್ಟವರದು. ಇದೇ ದೇಶ 1966ರ ಫುಟ್‌ಬಾಲ್ ವಿಶ್ವಕಪ್ ಗೆದ್ದ ತಂಡದ ಐವರನ್ನು ಮರೆತೇಬಿಟ್ಟಿತ್ತು. ಅವರಿಗೆ ಎಂಬಿಇ ಸಿಗುವಾಗ 2000ನೇ ಇಸವಿ ಬಂದಿತ್ತು. ಮೂವತ್ತನಾಲ್ಕು ವರ್ಷ ಮರೆಯುವುದೂ, ಮೂರೇ ತಿಂಗಳಲ್ಲಿ ಎಲ್ಲರಿಗೂ ಹಂಚಿಬಿಡುವುದೂ ಎರಡೂ ಇಲ್ಲಿ ನಡೆಯುತ್ತವೆ.

ಯಾರ್ಕ್‌ಶೈರಿನ ಈ ಸಣ್ಣ ಊರಿಗೆ ಬಂದ ಮೇಲೆ ವರ್ಷಕ್ಕೆರಡು ಸಲ ಈ ಪಟ್ಟಿಯನ್ನು ಓದುವುದು ನನಗೆ ಚಟವಾಗಿದೆ. ಹೊಸ ವರ್ಷಕ್ಕೊಂದು, ಜೂನ್ ತಿಂಗಳಲ್ಲಿ ದೊರೆಯ ಹುಟ್ಟುಹಬ್ಬಕ್ಕೊಂದು. ಒಂದೊಂದರಲ್ಲೂ ಸಾವಿರಕ್ಕೂ ಹೆಚ್ಚು ಹೆಸರುಗಳು. ರಾಷ್ಟ್ರೀಯ ಪತ್ರಿಕೆಗಳು ಮೊದಲ ಪುಟಕ್ಕೆ ನಟರನ್ನೋ ಆಟಗಾರರನ್ನೋ ಹಾಕುತ್ತವೆ. ಸ್ಥಳೀಯ ಪತ್ರಿಕೆ ಮಾತ್ರ ತನ್ನ ಜಿಲ್ಲೆಯ ಹೆಸರುಗಳನ್ನು ಹೆಕ್ಕಿ ಫೋಟೊ ಸಮೇತ ಹಾಕುತ್ತದೆ. ನನಗೆ ರುಚಿ ಹತ್ತಿದ್ದು ಆ ಒಳಪುಟದಲ್ಲಿ. ಒಮ್ಮೆ ಅದರಲ್ಲಿ ನಮ್ಮ ಬೀದಿಯ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸಿನ ಚಿತ್ರವಿತ್ತು. ಹಳದಿ ಕೋಟು, ತುದಿಯಲ್ಲಿ ದುಂಡು ಫಲಕವಿರುವ ಕೋಲು, ಮಳೆ ಹಿಮ ಏನೇ ಇದ್ದರೂ ಬೆಳಿಗ್ಗೆ ಮತ್ತು ಮಧ್ಯಾಹ್ನ ಅದೇ ಜಾಗ. ಅವರಿಗೆ ಬಿಇಎಂ, ಅಂದರೆ ಬ್ರಿಟಿಷ್ ಎಂಪೈರ್ ಪದಕ ಬಂದಿತ್ತು. ಅರಮನೆಗೆ ಹೋಗಬೇಕಾಗಿರಲಿಲ್ಲ, ಈ ಪದಕವನ್ನು ದೊರೆಯ ಜಿಲ್ಲಾ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟ್ ಊರ ಹತ್ತಿರವೇ ಬಂದು ಕೊಡುತ್ತಾರೆ. ಪದಕ ಪಡೆದ ಮೇಲೆ ಮಕ್ಕಳು ಮುತ್ತಿಕೊಂಡು ತೋರಿಸಿ ಎಂದು ಪೀಡಿಸಿದಾಗ ಆಕೆ, “ಮನೆಯಲ್ಲಿದೆ, ಮೊದಲು ರಸ್ತೆ ದಾಟಿ” ಎಂದು ಗದರಿದ್ದನ್ನು ನಾನೇ ಕೇಳಿದ್ದೇನೆ.

ಈ ಪದಕವನ್ನು ಜಾನ್ ಮೇಜರ್ ಸರ್ಕಾರ 1993ರಲ್ಲಿ ನಿಲ್ಲಿಸಿತ್ತು. ಕೆಳಗಿನವರಿಗೊಂದು, ಮೇಲಿನವರಿಗೊಂದು ಎಂಬ ಭೇದ ಬೇಡವೆಂಬುದು ಅದರ ಹಿಂದಿನ ವಿಚಾರ. 2012ರಲ್ಲಿ ಅದು ಮರಳಿ ಬಂತು, ಭೇದವೂ ಜೊತೆಗೆ ಬಂತು. ಮದುವೆಮನೆಯ ಪಂಕ್ತಿಯಂತೆ ಇಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ರಸ್ತೆ ದಾಟಿಸುವವರಿಗೆ ಬಿಇಎಂ, ಮುಖ್ಯೋಪಾಧ್ಯಾಯರಿಗೆ ಎಂಬಿಇ ಅಥವಾ ಓಬಿಇ, ಸಂಸ್ಥೆಯ ಮುಖ್ಯಸ್ಥರಿಗೆ ಸಿಬಿಇ. ಇಲಾಖೆಯ ಅತ್ಯುನ್ನತ ಕಾರ್ಯದರ್ಶಿ ಸೇವೆಯಲ್ಲಿರುವಾಗಲೇ ‘ಸರ್’ ಆಗುವುದು ಬಹುಮಟ್ಟಿಗೆ ಪದ್ಧತಿಯೇ ಆಗಿಬಿಟ್ಟಿದೆ. ಅವರು ಸಂಬಳಕ್ಕೆ ಮೀರಿ ಏನು ಮಾಡಿದರು ಎಂದು ಕೇಳುವವರು ಕಡಿಮೆ.

ಅದರ ಫಲವನ್ನು ಅಂಚೆ ಕಚೇರಿಯ ಹಗರಣದಲ್ಲಿ ದೇಶ ಉಂಡಿತು. ಹೊರೈಜನ್ ಎಂಬ ತಂತ್ರಾಂಶದ ದೋಷದಿಂದ ಲೆಕ್ಕದಲ್ಲಿ ಹಣ ಕಡಿಮೆ ಕಾಣಿಸಿತು. ಕಳ್ಳತನದ ಆರೋಪ ಹೊತ್ತವರು ಹಳ್ಳಿ ಪಟ್ಟಣಗಳ ಸಣ್ಣ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದವರು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿ ತಪ್ಪಿತಸ್ಥರೆನಿಸಿಕೊಂಡರು. ಆ ಸಂಸ್ಥೆಯ ಮುಖ್ಯಸ್ಥೆ ಪೌಲಾ ವೆನೆಲ್ಸ್ ಅವರಿಗೆ 2019ರಲ್ಲಿ ಸಿಬಿಇ ಬಂತು, ಅಂಚೆ ಕಚೇರಿಗೆ ಸಲ್ಲಿಸಿದ ಸೇವೆಗಾಗಿ! ವರ್ಷಗಟ್ಟಲೆ ಅದರ ವಿರುದ್ಧ ಹೋರಾಡಿದ ಅಲನ್ ಬೇಟ್ಸ್ ತಮಗೆ ಬಂದ ಓಬಿಇಯನ್ನು ಬೇಡವೆಂದರು; ಆಕೆಯ ಬಳಿ ಸಿಬಿಇ ಇರುವಾಗ ತಾನು ಪದಕ ಪಡೆಯುವುದು ಸರಿಯಲ್ಲ ಎಂಬುದು ಅವರ ನಿಲುವು. 2024ರ ಜನವರಿಯಲ್ಲಿ ಹಗರಣದ ಕಥೆ ಟಿವಿಯಲ್ಲಿ ಬಂದು ಪದಕ ಹಿಂಪಡೆಯಿರೆಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ ಮೇಲೆ ವೆನೆಲ್ಸ್ ಪದಕ ಮರಳಿಸುವುದಾಗಿ ಹೇಳಿದರು, ಆಮೇಲೆ ಅದನ್ನು ಅಧಿಕೃತವಾಗಿ ಹಿಂಪಡೆಯಲಾಯಿತು. ಅದೇ ವರ್ಷದ ಜೂನ್ ಪಟ್ಟಿಯಲ್ಲಿ ಬೇಟ್ಸ್ ‘ಸರ್’ ಅಲನ್ ಆದರು. 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಜೈಲು ಕಂಡ ಸೀಮಾ ಮಿಶ್ರಾ 2025ರ ಪಟ್ಟಿಯಲ್ಲಿ ಓಬಿಇ ಪಡೆದರು. ಸರ್ಕಾರಿ ಸೇವಕರಿಗೇ ಗೌರವ ಕೊಡಬೇಕು ಎಂದು ವಾದಿಸುವ ಮೊದಲು ನಾನು ಈ ಪ್ರಕರಣವನ್ನು ನೆನೆಯುತ್ತೇನೆ. ಸೇವೆ ಎಂದರೆ ಯಾರ ಸೇವೆ? ಕೌಂಟರಿನ ಹಿಂದೆ ಕುಳಿತವಳದೋ, ಮೇಲಿನ ಕೊಠಡಿಯವಳದೋ?

ನಮ್ಮ ಕಡೆ ಪದ್ಧತಿ ತಿರುವುಮುರುವು. ಪದ್ಮ ಪ್ರಶಸ್ತಿಗಳ ನಿಯಮದ ಪ್ರಕಾರ ಸೇವೆಯಲ್ಲಿರುವ ಸರ್ಕಾರಿ ನೌಕರರಿಗೆ, ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ ಅರ್ಹತೆಯೇ ಇಲ್ಲ. ವೈದ್ಯರು ಮತ್ತು ವಿಜ್ಞಾನಿಗಳಿಗೆ ಮಾತ್ರ ವಿನಾಯಿತಿ. ಈ ಬೇಲಿ ಇಲ್ಲದಿದ್ದರೆ ಪದ್ಮ ಪಟ್ಟಿಯ ಅರ್ಧದಷ್ಟು ಜಾಗವನ್ನು ಕಾರ್ಯದರ್ಶಿಗಳೇ ತುಂಬುತ್ತಿದ್ದರೆಂದು ಊಹಿಸಲು ಕಷ್ಟವಿಲ್ಲ. ರಾಜ್ಯೋತ್ಸವ ಪ್ರಶಸ್ತಿಗಾಗಿ ಅಕ್ಟೋಬರ್ ತಿಂಗಳಿಡೀ ವಿಧಾನಸೌಧದ ಮೆಟ್ಟಿಲು ಸವೆಯುವುದನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಒಂದು ವಿಷಯದಲ್ಲಿ ನಮ್ಮವರು ಬ್ರಿಟಿಷರಿಗಿಂತ ಜಾಣರು. ಆದರೆ ಬೇಲಿ ಮೇಲಿನವರನ್ನು ತಡೆಯುವಾಗ ಕೆಳಗಿನವರನ್ನೂ ತಡೆದುಬಿಟ್ಟಿತು. ಕಾರ್ಯದರ್ಶಿಗೆ ನಿವೃತ್ತಿಯ ನಂತರವೂ ಆಯೋಗವಿದೆ, ನಿಗಮವಿದೆ, ಹೆಸರು ಸೂಚಿಸುವ ಗೆಳೆಯರಿದ್ದಾರೆ. ಕರೆಂಟಿನ ಕಂಬ ಹತ್ತುವ ಲೈನ್‌ಮನ್‌ಗೆ ಏನಿದೆ?

ಹಾಗೆಂದು ಸರ್ಕಾರಿ ನೌಕರಿಗೂ ದೊಡ್ಡ ಗೌರವಕ್ಕೂ ನಮ್ಮಲ್ಲಿ ನಂಟೇ ಇರಲಿಲ್ಲ ಎನ್ನಲಾಗದು. 1954ರಲ್ಲಿ ಭಾರತ ರತ್ನ ಶುರುವಾದಾಗ ಅದರ ವ್ಯಾಪ್ತಿಯಲ್ಲಿ ಕಲೆ, ಸಾಹಿತ್ಯ, ವಿಜ್ಞಾನಗಳ ಜೊತೆ ಸಾರ್ವಜನಿಕ ಸೇವೆಯೂ ಇತ್ತು; ಕ್ರೀಡೆ ಇರಲಿಲ್ಲ. ಮರುವರ್ಷವೇ ಅದನ್ನು ಪಡೆದ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾಗಿ ನೌಕರಿ ಆರಂಭಿಸಿದವರು. (ಸ್ವತಂತ್ರ ಭಾರತದ ಅತ್ಯುಚ್ಚ ಗೌರವ ಪಡೆದ ಅವರನ್ನು ನಾವು ಇಂದಿಗೂ ಬ್ರಿಟಿಷರು ಕೊಟ್ಟ ‘ಸರ್’ ಸೇರಿಸಿಯೇ ಕರೆಯುತ್ತೇವೆ. ನಮ್ಮ ಸಂವಿಧಾನದ 18ನೇ ವಿಧಿ ಬಿರುದು ಬೇಡವೆನ್ನುತ್ತದೆ, ಮಂಡ್ಯದ ರೈತ ಕೇಳಬೇಕಲ್ಲ.) 2011ರಲ್ಲಿ ನಿಯಮ ತಿದ್ದಿ ಯಾವ ಕ್ಷೇತ್ರದವರಿಗಾದರೂ ಕೊಡಬಹುದೆಂದಾಯಿತು. 2013ರ ನವೆಂಬರ್ 16ರಂದು ಸಚಿನ್ ತೆಂಡೂಲ್ಕರ್ ಕೊನೆಯ ಟೆಸ್ಟ್ ಮುಗಿಸಿದ ದಿನವೇ ಅವರ ಹೆಸರು ಘೋಷಣೆಯಾಯಿತು. ಅದೇ ಘೋಷಣೆಯಲ್ಲಿ ನಮ್ಮ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ಹೆಸರೂ ಇತ್ತು. ಅಂದು ಸಂಜೆ ಟಿವಿಯ ಮುಂದೆ ಕುಳಿತ ಎಷ್ಟು ಮಂದಿಗೆ ಎರಡನೆಯ ಹೆಸರು ಕೇಳಿಸಿತೋ! ಹಾಕಿ ಮಾಂತ್ರಿಕ ಧ್ಯಾನ್‌ಚಂದ್ ಅವರ ಹುಟ್ಟುಹಬ್ಬವೇ ರಾಷ್ಟ್ರೀಯ ಕ್ರೀಡಾ ದಿನ, ಖೇಲ್ ರತ್ನಕ್ಕೆ ಅವರದೇ ಹೆಸರು. ಆದರೆ ಭಾರತ ರತ್ನ ಅವರಿಗೆ ಬರಲಿಲ್ಲ.

ಆಟಗಾರರಿಗೆ ಗೌರವವೇ ಬೇಡ ಎನ್ನುವ ಒಣ ವಾದ ನನ್ನದಲ್ಲ. ಕ್ರೀಡೆಯ ಸಾಧನೆ ಅಲ್ಲೇ, ಆಗಲೇ, ಎಲ್ಲರ ಕಣ್ಣೆದುರೇ ಅಳೆದು ಕೊಟ್ಟದ್ದಾಗಿರುತ್ತದೆ. ಚಪ್ಪಾಳೆ ಸಿಕ್ಕಿರುತ್ತದೆ, ದಾಖಲೆ ಪುಸ್ತಕದಲ್ಲಿ ಹೆಸರು ಸೇರಿರುತ್ತದೆ. ಬ್ರಿಟನ್ ತನ್ನ ಒಲಿಂಪಿಕ್ ವಿಜೇತರಿಗೆ ಪದಕಕ್ಕೆ ಇಷ್ಟೆಂದು ನಗದು ಕೊಡುವುದಿಲ್ಲ, ಹಾಗಾಗಿ ಎಂಬಿಇ ಕೊಟ್ಟು ಕೈ ಕುಲುಕುವುದಕ್ಕೆ ಅರ್ಥವಿದೆ. ನಮ್ಮಲ್ಲಿ ಹಾಗಲ್ಲ. ನೀರಜ್ ಚೋಪ್ರಾ ಚಿನ್ನ ಗೆದ್ದಾಗ ಹರಿಯಾಣ 6 ಕೋಟಿ ರೂಪಾಯಿ ಘೋಷಿಸಿತು. 2024ರಲ್ಲಿ ವಿಶ್ವಕಪ್ ಗೆದ್ದು ಬಂದ ಮೊಹಮ್ಮದ್ ಸಿರಾಜ್ ಅವರಿಗೆ ತೆಲಂಗಾಣ ನಿವೇಶನದ ಜೊತೆ ಡಿಎಸ್‌ಪಿ ಹುದ್ದೆಯನ್ನೂ ಕೊಟ್ಟಿತು. ಚೆಂಡೆಸೆದವರಿಗೆ ಬಹುಮಾನವಾಗಿ ಪೊಲೀಸ್ ಅಧಿಕಾರಿಯ ಸಮವಸ್ತ್ರ! ಪೇದೆಯಾಗಿ ಸೇರಿ ಮೂವತ್ತು ವರ್ಷ ದುಡಿದವನು ಆ ಹುದ್ದೆಯ ಹತ್ತಿರವೂ ಸುಳಿಯುವುದಿಲ್ಲ.

ಕ್ರೀಡೆ, ಸರ್ಕಾರಿ ಸೇವೆ ಈ ಎರಡು ಲೋಕಗಳೂ ಕೈಬಿಟ್ಟ ಒಬ್ಬರಿದ್ದಾರೆ. ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುಸ್ತಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಅದು ಮೊದಲ ವೈಯಕ್ತಿಕ ಪದಕ. ಕರಾಡದ ಜನ ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಅವರನ್ನು ಮನೆಗೆ ಕರೆದೊಯ್ದರು. 1955ರಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿ ಪೊಲೀಸ್ ಇಲಾಖೆ ಸೇರಿ, ಸಹಾಯಕ ಆಯುಕ್ತರಾಗಿ ನಿವೃತ್ತರಾದರು, ಪಿಂಚಣಿಗಾಗಿ ಅಲೆದರು, 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬದುಕಿರುವಾಗ ಅರ್ಜುನ ಪ್ರಶಸ್ತಿಯೂ ಬರಲಿಲ್ಲ, ಪದ್ಮವೂ ಬರಲಿಲ್ಲ. ಪದ್ಮಶ್ರೀ ಪಡೆದ ಆಟಗಾರರಲ್ಲಿ ಪ್ಯಾರಾ ಕ್ರೀಡಾಪಟುಗಳಾದ ನಮ್ಮ ಮಾಲತಿ ಹೊಳ್ಳ, ಕೆ.ವೈ. ವೆಂಕಟೇಶ್ ಅವರಂಥವರ ಹೆಸರು ಕಂಡಾಗ ನನಗೆ ತಕರಾರಿಲ್ಲ. ಅವರ ಕ್ರೀಡಾಂಗಣ ತುಂಬಿರಲಿಲ್ಲ, ಜಾಹೀರಾತಿನವರು ಅವರ ಮನೆ ಹುಡುಕಿಕೊಂಡು ಹೋಗಿರಲಿಲ್ಲ. ಕ್ರಿಕೆಟಿಗರ ಮಾತು ಬೇರೆ.

ಕ್ರಿಕೆಟಿಗರಿಗೆ ಸನ್ಮಾನ ಮಾಡುವ ನಮ್ಮ ಅವಸರ ಎಲ್ಲಿಗೆ ಮುಟ್ಟಿದೆ ಎಂಬುದನ್ನು 2025ರ ಜೂನ್ 4ರಂದು ಬೆಂಗಳೂರು ಕಂಡಿತು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಖಾಸಗಿ ತಂಡವೊಂದು ಐಪಿಎಲ್ ಕಪ್ ಗೆದ್ದಿತು. ಮರುದಿನ ಸಂಜೆಯೇ ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ. ಅತ್ತ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕಾಲ್ತುಳಿತ, 11 ಜನರ ಸಾವು. ಹಿಂದಿನ ರಾತ್ರಿಯ ಸಂಭ್ರಮಾಚರಣೆಯ ಬಂದೋಬಸ್ತಿನಲ್ಲಿ ನಿದ್ದೆಗೆಟ್ಟಿದ್ದ ಪೊಲೀಸರೇ ಅಂದೂ ಬೀದಿಯಲ್ಲಿದ್ದರು. ಜೂನ್ 5ರಂದು ನಗರ ಪೊಲೀಸ್ ಆಯುಕ್ತರು ಮತ್ತಿತರ ಅಧಿಕಾರಿಗಳು ಅಮಾನತಾದರು. ಆಟಗಾರರಿಗೆ ಮೈಸೂರು ಪೇಟ, ಪೊಲೀಸರಿಗೆ ಅಮಾನತಿನ ಆದೇಶ. ಯಾರ ಹೊಣೆ ಎಷ್ಟೆಂಬುದನ್ನು ನ್ಯಾಯಾಲಯಗಳು ಅಳೆಯಲಿ. ಆ ಸನ್ಮಾನ ಒಂದು ವಾರ ತಡವಾಗಿದ್ದರೆ ಕಪ್ ತುಕ್ಕು ಹಿಡಿಯುತ್ತಿತ್ತೇ ಎಂಬುದಷ್ಟೇ ನನ್ನ ಪ್ರಶ್ನೆ.

ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ ಆಷಾಢದ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವುದು ಮಾಮೂಲು. ಲೈನ್‌ಮನ್ ಬರುತ್ತಿದ್ದುದು ಬೈಕಿನಲ್ಲಿ, ಬೈಕ್ ಹೂತರೆ ನಡೆದು. ಟ್ರಾನ್ಸ್‌ಫಾರ್ಮರ್ ಬಳಿ ಹೋಗಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಬೇರೆ ಯಾರೂ ಅವಸರಪಟ್ಟು ಹಾಕಿಬಿಡದಿರಲಿ ಎಂದು. ಆಮೇಲೆ ದೋಟಿಯಿಂದ ಕೊಂಬೆ ಎಳೆದು, ಜಾರುವ ಕಂಬ ಹತ್ತಿ, ತಂತಿ ಬಿಗಿದು, ಇಂಬಳ ಕಚ್ಚಿದ ಕಾಲಿಗೆ ಸುಣ್ಣ ಹಚ್ಚಿಕೊಂಡು ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ನಿವೃತ್ತಿಯ ದಿನ ಅವರಿಗೆ ಸಿಕ್ಕಿದ್ದು ಒಂದು ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ. ಭಾಷಣ ಮಾಡಿದ ಅಧಿಕಾರಿ ಅವರ ಹೆಸರನ್ನು ಚೀಟಿ ನೋಡಿ ಓದಿದರಂತೆ.

ಇಂಥವರಿಗೆ ರಾಷ್ಟ್ರ ಗೌರವವೇ ಎಂದು ಹುಬ್ಬೇರಿಸುವವರು ತುಳಸಿ ಗೌಡ ಅವರನ್ನು ನೋಡಬೇಕು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಆ ಹಾಲಕ್ಕಿ ಅಜ್ಜಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನದೊಳಗೆ ನಡೆದು ಪದ್ಮಶ್ರೀ ಪಡೆದ ಚಿತ್ರವನ್ನು ಎಲ್ಲರೂ ಹಂಚಿಕೊಂಡರು. ಆಕೆ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಟ್ಟಲೆ ದಿನಗೂಲಿಯಾಗಿ, ಆಮೇಲೆ ಕಾಯಂ ನೌಕರಳಾಗಿ ದುಡಿದವರು ಎಂಬುದನ್ನು ಎಷ್ಟೋ ಮಂದಿ ಗಮನಿಸಲಿಲ್ಲ. ಜನ ಆಕೆಯನ್ನು ಕಾಡಿನ ತಾಯಿ ಎಂದರು, ಸರಿಯೇ. ಸರ್ಕಾರದ ಹಾಜರಿ ಪುಸ್ತಕದಲ್ಲಿ ಆಕೆ ಕೆಳದರ್ಜೆಯ ನೌಕರಳೂ ಆಗಿದ್ದರು.

ಪದ್ಮಕ್ಕೆ ಈಗ ಯಾರು ಯಾರ ಹೆಸರನ್ನಾದರೂ ಅಂತರ್ಜಾಲದಲ್ಲಿ ಸೂಚಿಸಬಹುದು, 800 ಪದಗಳ ಒಳಗೆ ಸಾಧನೆ ಬರೆಯಬೇಕು. ಲೈನ್‌ಮನ್ ಪರವಾಗಿ ಆ 800 ಪದ ಬರೆಯುವವರು ಯಾರು? ರಸ್ತೆ ದಾಟಿಸುವ ಆ ಹೆಂಗಸಿನ ಪರವಾಗಿ ಮಕ್ಕಳ ತಂದೆತಾಯಂದಿರೇ ಬರೆದಿದ್ದರು. ನಮ್ಮಲ್ಲಿ ಆ ರೂಢಿ ಬರುವವರೆಗೆ ಪ್ರತಿ ಇಲಾಖೆಯೂ ಕೆಳದರ್ಜೆಯಲ್ಲಿ ನಿವೃತ್ತರಾದ ಮೂರು ಹೆಸರುಗಳನ್ನು ವರ್ಷಕ್ಕೊಮ್ಮೆ ಕಡ್ಡಾಯವಾಗಿ ಕಳಿಸಲಿ ಎಂಬುದು ನನ್ನ ಸಲಹೆ. ಊರಿನಲ್ಲಿರುವ ಭಾವನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಜೋರಾಗಿ ನಕ್ಕರು. “ಮೂರರಲ್ಲಿ ಎರಡು ಸಾಹೇಬರ ಕಾರು ಚಾಲಕರವು ಇರುತ್ತವೆ, ಬರೆದಿಟ್ಟುಕೋ” ಎಂದರು. ಇರಲಿ ಭಾವ, ಎಂದೆ. ಮೂವತ್ತು ವರ್ಷ ಸಾಹೇಬರನ್ನು ಸಹಿಸಿಕೊಂಡವರಿಗೂ ಏನಾದರೂ ಕೊಡಬೇಕಲ್ಲ. ಮೂರನೆಯ ಹೆಸರು ಉಳಿಯುತ್ತದೆ, ಈಗ ಅದೂ ಇಲ್ಲ.