ಒಬ್ಬಳ ಕುಣಿತ ಸಂಸ್ಥೆಯಾಗುವಾಗ

ನಮ್ಮ ಸಾಗರದ ಕಡೆಯ ಹುಡುಗಿಯೊಬ್ಬಳು ಆಧುನಿಕ ನೃತ್ಯದ ತಂಡ ಕಟ್ಟಲು ಹೊರಟಿದ್ದಾಳೆ. ಇಷ್ಟು ವರ್ಷ ಒಬ್ಬಳೇ ಕುಣಿದವಳು. ಈಗ ನಾಲ್ಕಾರು ಮಕ್ಕಳನ್ನು ಸೇರಿಸಿಕೊಂಡು, ಲಾಭದ ಉದ್ದೇಶವಿಲ್ಲದ ಸಂಘವಾಗಿ ನೋಂದಣಿ ಮಾಡಿಸಬೇಕು ಅಂತ ಓಡಾಡುತ್ತಿದ್ದಾಳೆ. ಶಿವಮೊಗ್ಗದಲ್ಲಿ ನಾಟಕ ತಂಡವೊಂದರ ಲೆಕ್ಕಪತ್ರ ನೋಡಿಕೊಳ್ಳುವವನು ನಾನು ಅನ್ನುವ ಕಾರಣಕ್ಕೆ ಬೈಲಾದ, ಅಂದರೆ ಸಂಘದ ನಿಯಮಾವಳಿಯ, ಕರಡು ನನ್ನ ಕೈಗೆ ಬಂತು. ಓದಿದೆ. ಸಂಘದ ಉದ್ದೇಶ ಚೆಂದಾಗಿ ಬರೆದಿದ್ದಳು. ಆದರೆ ಕುಣಿಯುವವರಿಗೆ ಸಂಬಳ ಎಲ್ಲಿಂದ, ಎಷ್ಟು ಅನ್ನುವುದಿಲ್ಲ. ಅವಳು ಸಂಯೋಜಿಸಿದ ನೃತ್ಯಗಳು ಯಾರ ಸ್ವತ್ತು ಅನ್ನುವುದೂ ಇಲ್ಲ. ಕೇಳಿದರೆ, "ಅದೆಲ್ಲ ಈಗ್ಲೇ ಎಂತಕ್ಕಣ್ಣ? ಮೊದಲು ಒಂದು ಶೋ ಆಗ್ಲಿ" ಅಂದಳು.

ಈಗಲೇ ಬೇಕು. ಶೋ ಆದ ಮೇಲೆ ಯಾರೂ ಬೈಲಾ ತಿದ್ದುವುದಿಲ್ಲ.

ಅಮೆರಿಕದ ಆಧುನಿಕ ನೃತ್ಯಗಾರ್ತಿ ಮಾರ್ಥಾ ಗ್ರಹಾಂ ಹೆಸರು ನೃತ್ಯದ ಮಂದಿಗೆಲ್ಲ ಗೊತ್ತು. 1926ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮದೇ ಮೊದಲ ಪ್ರದರ್ಶನ ಕೊಟ್ಟವರು. 1930ರಲ್ಲಿ ಅವರು ಮಾಡಿದ ಒಂದು ಏಕವ್ಯಕ್ತಿ ನೃತ್ಯ ಇದೆ. ಹೆಸರು 'ಲ್ಯಾಮೆಂಟೇಶನ್'. ಗಿಡ್ಡ ಬೆಂಚಿನ ಮೇಲೆ ಕೂತು, ಮೈಗೆಲ್ಲ ಚೀಲದಂತೆ ಸುತ್ತಿಕೊಂಡ, ಎಳೆದರೆ ಹಿಗ್ಗುವ ನೇರಳೆ ಬಟ್ಟೆಯ ಒಳಗಿಂದಲೇ ಮಾಡುವ ನೃತ್ಯ. ಕಾಣುವುದು ಮುಖ, ಕೈ, ಬರಿಗಾಲು, ಅಷ್ಟೇ. ಮೊಣಕೈ ಚಾಚಿದರೆ ಬಟ್ಟೆ ಬಿಗಿದು ಕೋನವಾಗುತ್ತದೆ, ಬೆನ್ನು ಬಾಗಿಸಿದರೆ ನೆರಿಗೆ ಬೀಳುತ್ತದೆ. ಬೆಂಚು ಬಿಟ್ಟು ಏಳುವುದು ಇಲ್ಲವೇ ಇಲ್ಲ ಅನ್ನುವಷ್ಟು. ದುಃಖ ಪಡುವ ಹೆಂಗಸಿನ ಕಥೆ ಅಲ್ಲ ಅದು. ದುಃಖಕ್ಕೇ ಮೈ ಬಂದಂತೆ ಕಾಣುತ್ತದೆ. ಕೆಲವೇ ನಿಮಿಷ. ವಿಡಿಯೋದಲ್ಲಿ ನೋಡಿದರೂ ಎದೆ ಹಿಡಿದುಕೊಳ್ಳುತ್ತದೆ.

ಅಂಥವರು 1991ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲೆ ಏನಾಯಿತು ಅನ್ನುವುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ತಮ್ಮ ಆಸ್ತಿಯನ್ನೆಲ್ಲ ಅವರು ಆಪ್ತರೊಬ್ಬರಿಗೆ ಉಯಿಲು ಬರೆದಿದ್ದರು. ಆ ಆಪ್ತರಿಗೂ ಗ್ರಹಾಂ ಕಟ್ಟಿದ ಸಂಸ್ಥೆಗೂ ಜಗಳ ಹತ್ತಿತು. 2000ದಲ್ಲಿ ಅವರ ನೃತ್ಯ ಕಂಪನಿ ಪ್ರದರ್ಶನವನ್ನೇ ನಿಲ್ಲಿಸಬೇಕಾಯಿತು. ಕೋರ್ಟಿನಲ್ಲಿ 70 ನೃತ್ಯಗಳ ಒಡೆತನದ ವಿಚಾರಣೆ ನಡೆದು, 2002ರಲ್ಲಿ 45 ನೃತ್ಯ ಸಂಸ್ಥೆಯದು ಅಂತ ತೀರ್ಪಾಯಿತು. ಉಯಿಲು ಪಡೆದವರಿಗೆ ಸಿಕ್ಕಿದ್ದು ಒಂದೇ ಒಂದು. ಸಂಸ್ಥೆ ಗೆದ್ದದ್ದು ಹೇಗೆ? ಕೆಲವು ನೃತ್ಯಗಳನ್ನು ಗ್ರಹಾಂ ಮೊದಲೇ ಸಂಸ್ಥೆಗೆ ವಹಿಸಿಕೊಟ್ಟಿದ್ದರು, ಇನ್ನು ಕೆಲವನ್ನು ಸಂಸ್ಥೆಯ ಸಂಬಳ ತೆಗೆದುಕೊಳ್ಳುತ್ತಿದ್ದಾಗ ಮಾಡಿದ್ದರು. ಜಗತ್ತೇ ಮೆಚ್ಚಿದ ಕಲಾವಿದೆಯ ಕೆಲಸವನ್ನು ಕೊನೆಗೆ ಉಳಿಸಿದ್ದು ಸಂಬಳದ ರಿಜಿಸ್ಟರು, ಮೀಟಿಂಗಿನ ನಡಾವಳಿ ಪುಸ್ತಕ! ಲೆಕ್ಕ ಬರೆಯುವವನಾಗಿ ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ.

ನಮ್ಮಲ್ಲೂ ಕಾನೂನು ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೃತ್ಯ ಸಂಯೋಜನೆಗೂ ಜಾಗ ಇದೆ, ಆದರೆ ಅದು ಬರವಣಿಗೆಯಲ್ಲೋ ಬೇರೆ ರೂಪದಲ್ಲೋ ದಾಖಲಾಗಿರಬೇಕು. ನೌಕರಿಯಲ್ಲಿದ್ದು ಮಾಡಿದ ಕೃತಿ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿ ಕೊಟ್ಟವರದು. ಈ ಹುಡುಗಿ ಸಂಘದಿಂದ ಒಂದು ಪೈಸೆ ಮುಟ್ಟದೆ, ಏನೂ ಬರೆದುಕೊಡದೆ ಹೀಗೇ ನಡೆದರೆ ಎಲ್ಲವೂ ಅವಳ ಹೆಸರಲ್ಲೇ ಉಳಿಯುತ್ತದೆ, ಅವಳ ನಂತರ ವಾರಸುದಾರರಿಗೆ ಹೋಗುತ್ತದೆ. ಅವಳ ಜೊತೆ ಬೆವರು ಸುರಿಸಿದ ಮಕ್ಕಳು ಅದನ್ನು ಆಡಲು ಯಾರದೋ ಮನೆ ಬಾಗಿಲಲ್ಲಿ ನಿಂತು ಅನುಮತಿ ಕೇಳಬೇಕು.

ಎಲ್ಲ ಸಂಸ್ಥೆಯೂ ಶಾಶ್ವತವಾಗಿ ಇರಲೇಬೇಕು ಅಂತ ನನ್ನ ಹಟ ಇಲ್ಲ. ಅಮೆರಿಕದ ಇನ್ನೊಬ್ಬ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಂ ತಾವು ಹೋದ ಮೇಲೆ ತಮ್ಮ ಕಂಪನಿ ಎರಡು ವರ್ಷ ಊರೂರು ತಿರುಗಿ ಮುಚ್ಚಬೇಕು ಅಂತ ಮೊದಲೇ ಗೊತ್ತು ಮಾಡಿದ್ದರು. 2009ರಲ್ಲಿ ಹೋದರು. 2011ರ ಡಿಸೆಂಬರ್ 31ಕ್ಕೆ ಕೊನೆಯ ಪ್ರದರ್ಶನ. ನೃತ್ಯಗಳ ದಾಖಲೆ, ಹಕ್ಕು ಎಲ್ಲ ಒಂದು ಟ್ರಸ್ಟಿಗೆ. ಮುಚ್ಚುವುದಕ್ಕೂ ಒಂದು ಕ್ರಮ ಬೇಕು ಅಂತ ತಿಳಿದಿದ್ದ ಮನುಷ್ಯ. ನಮ್ಮ ದೇಶದಲ್ಲಿ ನೃತ್ಯಗಾರ ಉದಯ ಶಂಕರ್ ಅಲ್ಮೋರಾದಲ್ಲಿ ಕಟ್ಟಿದ ಕಲಾ ಕೇಂದ್ರ 1940ರ ದಶಕದಲ್ಲೇ ದುಡ್ಡಿಲ್ಲದೆ ಬಾಗಿಲು ಹಾಕಿತು. ಬೆಂಗಳೂರಲ್ಲಿ ಹುಟ್ಟಿದ ಸಿನಿಮಾ ನಿರ್ದೇಶಕ ಗುರುದತ್ ಕಲಿತದ್ದು ಅಲ್ಲೇ. ಇನ್ನೊಂದು ಇಪ್ಪತ್ತು ವರ್ಷ ನಡೆದಿದ್ದರೆ ಇನ್ನೆಷ್ಟು ಜನ ಅಲ್ಲಿಂದ ಬರುತ್ತಿದ್ದರೋ ಅಂತ ಸಂಕಟವಾಗುತ್ತದೆ.

ಅಷ್ಟು ದೂರ ಯಾಕೆ, ಹೆಗ್ಗೋಡು ಇದೆಯಲ್ಲ. 1949ರಲ್ಲಿ ಅಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ ಊರವರ ಸಂಘವಾಗಿ ಬೆಳೆಯಿತು. ಅದನ್ನು ಕಟ್ಟಿ ಬೆಳೆಸಿದ ಸುಬ್ಬಣ್ಣನವರು 2005ರಲ್ಲಿ ಹೋದರು. ಊರೂರಿಗೆ ನಾಟಕ ಒಯ್ಯುವ ತಿರುಗಾಟ ನಿಲ್ಲಲಿಲ್ಲ, ರಂಗಶಿಕ್ಷಣ ಕೇಂದ್ರ ನಿಲ್ಲಲಿಲ್ಲ. ಅಡಿಕೆ ತೋಟದ ನಡುವಿನ ಒಂದು ಹಳ್ಳಿ ಇದನ್ನು ಮಾಡಿ ತೋರಿಸಿದೆ. ನೃತ್ಯಕ್ಕೆ ಯಾಕೆ ಆಗಬಾರದು?

ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ ಏಳು ಜನ ಬೇಕು. ಇವಳ ಪಟ್ಟಿಯಲ್ಲಿ ಹೆಚ್ಚಿನವರು ಮನೆಯವರೇ: ಅಪ್ಪ, ಚಿಕ್ಕಪ್ಪ, ಭಾವ. ಒಳ್ಳೆಯವರೇ. ಆದರೆ ಅವಳು ಹೇಳಿದ್ದಕ್ಕೆ ಬೇಡ ಅನ್ನುವವರು ಒಬ್ಬರಾದರೂ ಇರಬೇಕು, ಕುಣಿಯುವ ಮಕ್ಕಳಲ್ಲಿ ಒಬ್ಬರಿಗೆ ಸಮಿತಿಯಲ್ಲಿ ಕುರ್ಚಿ ಇರಬೇಕು. ಇದನ್ನು ನೇರವಾಗಿಯೇ ಹೇಳಿದ್ದೇನೆ.

ಇನ್ನು ಸಂಬಳ. ಲಾಭದ ಉದ್ದೇಶ ಇಲ್ಲ ಅಂದರೆ ಬಿಟ್ಟಿ ಕುಣಿಯುವುದು ಅಂತ ನಮ್ಮ ಕಡೆ ಎಷ್ಟು ಜನ ತಿಳಿದಿದ್ದಾರೆ! ಅಂಥ ಸಂಘ ಟಿಕೆಟ್ ಮಾರಬಹುದು, ಫೀಸು ತಗೊಳ್ಳಬಹುದು, ಕೆಲಸ ಮಾಡಿದವರಿಗೆ ಸಂಬಳ ಕೊಡಬಹುದು. ಉಳಿದ ದುಡ್ಡನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅಷ್ಟೇ. ಪೆಂಡಾಲಿನವರಿಗೆ, ಸೌಂಡಿನವರಿಗೆ, ಊಟದವರಿಗೆ ಅಡ್ವಾನ್ಸ್ ಕೊಟ್ಟು, ಕುಣಿದವರಿಗೆ ಶಾಲು, ಹಾರ, ಒಂದು ಫಲಕ ಕೊಟ್ಟು ಕಳಿಸುವ ಸಮಿತಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಫಲಕದಿಂದ ಮೊಣಕಾಲಿನ ಎಂಆರ್‌ಐ ಆಗುವುದಿಲ್ಲ.

ಮೊಣಕಾಲಿನ ಮಾತು ಸುಮ್ಮನೆ ಬರಲಿಲ್ಲ. ನೆಲಕ್ಕೆ ಬೀಳುವುದು ಈ ಆಧುನಿಕ ನೃತ್ಯದ ದೊಡ್ಡ ಭಾಗ. ಅವಳ ಅಜ್ಜಿ ಮನೆಯ ಮಹಡಿಗೆ ಹಳೆಯ ಹಲಗೆ ಹಾಸು. ಅಲ್ಲಿ ಅಭ್ಯಾಸ ಮಾಡುವುದನ್ನು ನೋಡಿದ್ದೇನೆ. ನಿಂತವಳು ಉಸಿರು ಬಿಡುತ್ತ ಹೊಟ್ಟೆಯನ್ನು ಒಳಗೆ ಎಳೆದುಕೊಂಡಳು. ಮೊದಲು ಮೀನಖಂಡದ ಪಕ್ಕ ನೆಲ ಮುಟ್ಟಿತು, ಆಮೇಲೆ ತೊಡೆ, ಸೊಂಟ, ಕೊನೆಗೆ ಅಂಗೈ. ಪೂರ್ತಿ ಆಳೆತ್ತರದಿಂದ ಬಿದ್ದರೂ ಸದ್ದಿಲ್ಲ. ಕೆಳಗೆ ಅಡಿಕೆ ಸುಲಿಯುತ್ತಿದ್ದವರಿಗೆ ಗೊತ್ತೇ ಆಗಲಿಲ್ಲ. ಹಲಗೆ ಒಂಚೂರು ಬಾಗಿ ಪೆಟ್ಟನ್ನು ತಾನು ತಗೊಳ್ಳುತ್ತದೆ. ಇದೇ ಬೀಳುವಿಕೆಯನ್ನು ಕಲ್ಯಾಣ ಮಂಟಪದ ಗ್ರಾನೈಟಿನ ಮೇಲೆ ದಿನಾ ಮಾಡಿದರೆ ಮೂವತ್ತು ದಾಟುವ ಮೊದಲೇ ಕೀಲುಗಳು ಕೈಕೊಡುತ್ತವೆ. ಆದರೆ ಮಹಡಿಯ ತೊಲೆ ತಗ್ಗು. ಹಾರಿದರೆ ತಲೆ ತಾಗುತ್ತದೆ, ಮೂರು ಜನಕ್ಕಿಂತ ಹೆಚ್ಚಿಗೆ ನಿಲ್ಲಲು ಜಾಗವಿಲ್ಲ.

ಜೊತೆಗೆ ನಮ್ಮ ಮಳೆ. ಆಷಾಢ ಮುಗಿಯುವುದರೊಳಗೆ ಟ್ರಂಕಿನಲ್ಲಿಟ್ಟ ಉಡುಪಿಗೆ ಬೂಷ್ಟು. 2012ರ ಸ್ಯಾಂಡಿ ಚಂಡಮಾರುತದಲ್ಲಿ ಗ್ರಹಾಂ ಕಂಪನಿಯ ನೆಲಮಾಳಿಗೆಗೆ ನೀರು ನುಗ್ಗಿ ದಶಕಗಳ ಉಡುಪು, ರಂಗಸಜ್ಜಿಕೆ ಎಲ್ಲ ನೆನೆದುಹೋಗಿತ್ತು. ಅವರಿಗೆ ಒಂದು ರಾತ್ರಿ ಆದದ್ದು ನಮಗೆ ಪ್ರತಿ ವರ್ಷ ನಿಧಾನವಾಗಿ ಆಗುತ್ತದೆ. ಒಣ ಕೋಣೆ, ಮರದ ನೆಲ, ಸಂಬಳ. ಬಜೆಟ್‌ನಲ್ಲಿ ಲೈಟಿಂಗಿಗಿಂತ ಮೊದಲು ಇವು ಬರಬೇಕು ಅಂತ ಕರಡಿನ ಅಂಚಿನಲ್ಲಿ ಬರೆದುಕೊಟ್ಟಿದ್ದೇನೆ. ಅವಳು ಒಪ್ಪಿದ್ದಾಳೆ. ನೃತ್ಯಗಳನ್ನು ಸಂಘಕ್ಕೆ ಬರೆದುಕೊಡುವ ಮಾತಿಗೆ ಮಾತ್ರ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ. ಮೈಯಿಂದ ಹುಟ್ಟಿದ್ದನ್ನು ಸಮಿತಿಗೆ ಕೊಡುವುದು ಸುಲಭವಲ್ಲ ಅನ್ನುವುದು ನನಗೂ ಅರ್ಥವಾಗುತ್ತದೆ, ಆದರೂ ಒತ್ತಾಯ ಬಿಡುವುದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾರ ಬಳಿಯಾದರೂ ಹಲಗೆ ನೆಲದ, ಸೂರು ಎತ್ತರ ಇರುವ ಹಳೆಯ ಮನೆಯೋ ಗೋದಾಮೋ ಖಾಲಿ ಇದ್ದರೆ ಇನ್‌ಬಾಕ್ಸ್‌ಗೆ ಬರೆಯಿರಿ. ಮಳೆಗಾಲಕ್ಕೆ ಮುಂಚೆ ಬೇಕು. ಬಾಡಿಗೆ ಕೊಡುತ್ತೇವೆ, ಬಿಟ್ಟಿ ಬೇಡ. ಬೈಲಾ ಬರೆದು ಅನುಭವ ಇರುವ ವಕೀಲರು ಯಾರಾದರೂ ಇದ್ದರೆ ಕರಡನ್ನು ಒಮ್ಮೆ ನೋಡಿಕೊಡಿ. ಅದಕ್ಕೂ ಫೀಸು ಇದೆ.